ಜಾಗ ಇವತ್ತು, ದುಡ್ಡು ಹತ್ತು ವರ್ಷ

ಉಡುಪಿಯವರಿಗೆ ಕಂತಿನ ಲೆಕ್ಕ ಹೊಸತಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಇಲ್ಲಿನ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ತೆರೆದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುತ್ತಿತ್ತು. ಅಲ್ಲಿ ಮೊದಲು ಕಂತು, ಕೊನೆಗೆ ಇಡುಗಂಟು. ರಸ್ತೆಯ ಹೊಣೆ ಹೊತ್ತ ಸ್ಥಳೀಯ ಸಂಸ್ಥೆ ಕಂತಿನ ಕರಾರಿನಲ್ಲಿ ಜಾಗ ಕೊಂಡರೆ ಇದೇ ಲೆಕ್ಕ ತಿರುಗುಮುರುಗು.

ಮಂಗಳೂರಿನ ಹೊರವಲಯದಲ್ಲಿ ರೋಲರ್, ಟಿಪ್ಪರ್ ನಿಲ್ಲಿಸಲು 50 ಲಕ್ಷ ರೂಪಾಯಿಯ ಜಾಗ ಬೇಕಾಗಿದೆ ಎಂದಿಟ್ಟುಕೊಳ್ಳಿ. ಅಷ್ಟು ಹಣ ಒಂದೇ ವರ್ಷದ ಬಜೆಟ್ಟಿನಲ್ಲಿಲ್ಲ. ವರ್ಷಕ್ಕೆ 5 ಲಕ್ಷದಂತೆ ಹತ್ತು ವರ್ಷ ಕೊಟ್ಟರೆ ಬಾಕಿ ತೀರಿತೆ? ಕಾಗದದ ಮೇಲೆ ತೀರಿತು. ಆದರೆ ಶೇ. 8ರ ಬಡ್ಡಿ ಹಿಡಿದರೆ ಆ ಹತ್ತು ಕಂತುಗಳ ಇಂದಿನ ಬೆಲೆ ಸುಮಾರು 33.5 ಲಕ್ಷ ಮಾತ್ರ. ಕೊನೆಯ ಕಂತಿನ 5 ಲಕ್ಷವಂತೂ ಇವತ್ತಿನ 2.3 ಲಕ್ಷಕ್ಕೆ ಸಮ. ಮಾರಿದವರಿಗೆ ನ್ಯಾಯವಾಗಿ ಸಲ್ಲಬೇಕಾದ ಕಂತು ಸುಮಾರು 7.45 ಲಕ್ಷ. ಮೊದಲ ವರ್ಷ ಅದರಲ್ಲಿ 4 ಲಕ್ಷ ಬಡ್ಡಿಗೇ ಹೋಗುತ್ತದೆ. ಹತ್ತನೆಯ ವರ್ಷ ಬಡ್ಡಿಯ ಪಾಲು 55 ಸಾವಿರಕ್ಕೆ ಇಳಿದಿರುತ್ತದೆ. ಒಟ್ಟು 74.5 ಲಕ್ಷ ಎಂದು ಕೇಳಿದವರು ಹೌಹಾರುತ್ತಾರೆ, ಆದರೆ ಇದು ದುಬಾರಿಯೇನಲ್ಲ, ಕಾದದ್ದಕ್ಕೆ ಕೂಲಿ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕೌಂಟಿ, ನಗರಗಳಂಥ ಸ್ಥಳೀಯ ಸಂಸ್ಥೆಗಳು ಹೀಗೆ ಕೊಳ್ಳಲೆಂದೇ 1933ರ ಕಾಯ್ದೆಯೊಂದಿದೆ. ಕಂತು 15 ವರ್ಷ ಮೀರುವಂತಿಲ್ಲ. ಕೊಂಡ ವಸ್ತುವಿನ ಆಯುಷ್ಯ ಅದಕ್ಕಿಂತ ಕಡಿಮೆಯಾದರೆ ಆ ಆಯುಷ್ಯವೇ ಗಡುವು. ಗುಜರಿಗೆ ಹೋದ ಯಂತ್ರಕ್ಕೆ ಮುಂದಿನವರು ತೆರಿಗೆ ಕಟ್ಟುತ್ತಾ ಕೂರಬಾರದಲ್ಲ!

ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಬೆಲೆಯನ್ನು ಭಾಗಶಃ ಕೊಟ್ಟು, ಉಳಿದದ್ದಕ್ಕೆ ಮಾತು ಕೊಟ್ಟು ಕೊಳ್ಳುವುದನ್ನು ಒಪ್ಪುತ್ತದೆ. ಕ್ರಯಪತ್ರವಾಗಿ ಹಕ್ಕು ಕೈಬದಲಾದರೂ ಬಾಕಿ ಹಣಕ್ಕಾಗಿ ಮಾರಿದವರಿಗೆ ಆ ಜಾಗದ ಮೇಲೆ ಋಣಭಾರದ ರಕ್ಷಣೆ ಇರುತ್ತದೆ. ಬರಿಯ ಕರಾರುಪತ್ರದಿಂದ ಮಾತ್ರ ಒಡೆತನ ಬದಲಾಗುವುದಿಲ್ಲ.

ಇದೆಲ್ಲ ಮನಸ್ಸೊಪ್ಪಿ ಮಾರುವವರ ಮಾತು. ರಸ್ತೆ ಅಗಲಿಸಲು ಅಂಗಡಿಯ ಮುಂಭಾಗವನ್ನೋ ಮುರಕಲ್ಲಿನ ಆವರಣ ಗೋಡೆಯನ್ನೋ ಕಳೆದುಕೊಳ್ಳುವವರ ಮೇಲೆ ಕಂತನ್ನು ಹೇರುವುದು ನನಗೆ ಒಪ್ಪಿಗೆಯಿಲ್ಲ. 2013ರ ಭೂಸ್ವಾಧೀನ ಕಾಯ್ದೆಯೂ ಪೂರ್ತಿ ಪರಿಹಾರ ಕೊಟ್ಟ ಮೇಲೆಯೇ ಜಾಗವನ್ನು ವಶಕ್ಕೆ ಪಡೆಯಬೇಕೆನ್ನುತ್ತದೆ.

ಮಂಗಳೂರಿನಲ್ಲಿ ಕೇಳಿಬರುವ ಟಿಡಿಆರ್ ಇನ್ನೊಂದು ದಾರಿ: ಜಾಗ ಬಿಟ್ಟುಕೊಟ್ಟವರಿಗೆ ನಗದಿನ ಬದಲು ಹೆಚ್ಚುವರಿ ಕಟ್ಟಡದ ಹಕ್ಕಿನ ಪ್ರಮಾಣಪತ್ರ. ಅದನ್ನು ತಾವೇ ಬಳಸಬಹುದು, ಬಿಲ್ಡರಿಗೆ ಮಾರಲೂಬಹುದು. ಕಂತಿಗಾದರೆ ತಾರೀಕು, ಮೊತ್ತ, ಬಡ್ಡಿದರ ಮೂರೂ ಇರುತ್ತವೆ, ಕ್ಯಾಲ್ಕುಲೇಟರ್ ಸಾಕು. ಈ ಪ್ರಮಾಣಪತ್ರ ಯಾವಾಗ ಹಣವಾಗುತ್ತದೆ, ಎಷ್ಟಕ್ಕೆ ಎಂಬುದು ಕೊಳ್ಳುವ ಬಿಲ್ಡರ್ ಸಿಗುವುದರ ಮೇಲೆ ನಿಂತಿದೆ.