ಪಿಕ್ಟರು ಕಟ್ಟದ ಪಿಕ್ಟರ ಗೋಪುರ

ಉತ್ತರ ಸ್ಕಾಟ್ಲೆಂಡಿನ ಹಳೆಯ ನಕ್ಷೆಗಳಲ್ಲಿ ಕಡಲಂಚಿಗೋ ಹೊಳೆಯ ಮಗ್ಗುಲಿಗೋ 'ಪಿಕ್ಟರ ಗೋಪುರ, ಅವಶೇಷ' ಎಂದು ಬರೆದಿರುವುದುಂಟು. ಹೋಗಿ ನೋಡಿದರೆ ಬಹುತೇಕ ಕಡೆ ಇರುವುದು ಹುಲ್ಲು ಹಬ್ಬಿದ ಕಲ್ಲುಗುಡ್ಡೆ. ಪಿಕ್ಟರೆಂದರೆ ರೋಮನ್ನರ ಕಾಲದ ಕೊನೆಯಲ್ಲಿಯೂ ಅದರ ನಂತರವೂ ಉತ್ತರ ಸ್ಕಾಟ್ಲೆಂಡಿನಲ್ಲಿ ಬಾಳಿದ ಜನ. ಗೋಪುರವೆಂದದ್ದು ಸರಿ. ಪಿಕ್ಟರದ್ದು ಎಂದದ್ದೇ ತಪ್ಪು.

ಇವುಗಳ ಈಗಿನ ಹೆಸರು ಬ್ರಾಕ್. ಕೋಟೆ ಎಂಬರ್ಥದ, ವೈಕಿಂಗರ ಭಾಷೆಯಾದ ನಾರ್ಸ್‌ನ ಪದ 'ಬೋರ್ಗ್'ನಿಂದ ಬಂದದ್ದು. ಸ್ಕಾಟ್ಲೆಂಡ್ ಬಿಟ್ಟು ಬೇರೆಲ್ಲೂ ಇಂಥವು ಇಲ್ಲ. ಅಲ್ಲಿ ಮಾತ್ರ ನೂರಾರಿವೆ. ಅತ್ಯಂತ ಚೆನ್ನಾಗಿ ಉಳಿದಿರುವುದು ಸ್ಕಾಟ್ಲೆಂಡಿನ ಉತ್ತರದ ದ್ವೀಪಸಮೂಹ ಶೆಟ್‌ಲೆಂಡಿನ ಮೂಸಾ ಎಂಬ ಪುಟ್ಟ ದ್ವೀಪದಲ್ಲಿ, ಸುಮಾರು 13 ಮೀಟರ್ ಎತ್ತರದ್ದು. ಗಾರೆಯಿಲ್ಲ, ಸುಣ್ಣವಿಲ್ಲ, ಬರಿಯ ಕಲ್ಲಿನ ಮೇಲೆ ಕಲ್ಲು. ಇಷ್ಟೆತ್ತರ ನಿಂತ ಗುಟ್ಟು ಗೋಡೆಯಲ್ಲಿದೆ: ಅದು ಒಂದಲ್ಲ, ಒಂದರೊಳಗೊಂದು ಎರಡು. ನಡುವಿನ ಸಂದಿಯಲ್ಲಿ ಅಡ್ಡಡ್ಡ ಚಪ್ಪಡಿಗಳನ್ನು ಹಾಸಿ ಎರಡನ್ನೂ ಬೆಸೆದಿದ್ದಾರೆ, ಭಾರ ತಗ್ಗಿತು, ಬಿಗಿ ಉಳಿಯಿತು. ಮೇಲೇರುವ ಮೆಟ್ಟಿಲೂ ಆ ಸಂದಿಯಲ್ಲೇ ಸುತ್ತಿಕೊಂಡು ಹೋಗುತ್ತದೆ. ಹೊರಗೋಡೆಗೆ ಒಂದು ಬಾಗಿಲು ಬಿಟ್ಟರೆ ಕಿಟಕಿಯ ಸುಳಿವೂ ಇಲ್ಲ.

ಮೂಸಾ ಎದ್ದದ್ದು ಕ್ರಿಸ್ತಪೂರ್ವದಲ್ಲಿ. 'ಪಿಕ್ಟರು' ಎಂಬ ಹೆಸರು ಮೊದಲು ಕಾಣಿಸುವುದು ಕ್ರಿ.ಶ. 297ರ ಒಂದು ರೋಮನ್ ಹೊಗಳಿಕೆಯ ಭಾಷಣದಲ್ಲಿ. ಮೈಗೆ ಬಣ್ಣ ಹಚ್ಚಿದವರು ಎಂಬ ಅರ್ಥ ಬರುವ ಹೆಸರು ಅದು, ಅದೂ ಎದುರಾಳಿಗಳು ಇಟ್ಟದ್ದು. ನಡುವೆ ಶತಮಾನಗಳ ಅಂತರ.

ನಾರ್ವೆಯಿಂದ ವೈಕಿಂಗರು ಬರುವ ಹೊತ್ತಿಗೆ ಗೋಪುರಗಳು ಆಗಲೇ ಪುರಾತನ. ಅವರು ಉಪಯೋಗಿಸಿದರು, ಅಷ್ಟೆ. ಕ್ರಿ.ಶ. 900ರ ಸುಮಾರಿಗೆ ಮನೆ ಬಿಟ್ಟು ಓಡಿಬಂದ ಜೋಡಿಯೊಂದು ಹಡಗು ಒಡೆದು ಮೂಸಾದಲ್ಲಿ ತಂಗಿತ್ತೆಂದು ಒಂದು ಸಾಗಾ, ಅಂದರೆ ಹಳೆಯ ನಾರ್ಸ್ ವೀರಕಥನ, ಹೇಳುತ್ತದೆ. ಇನ್ನೊಂದರಲ್ಲಿ, 1153ರಲ್ಲಿ ಅರ್ಲ್ (ಆ ದ್ವೀಪಗಳ ಒಡೆಯ) ಹೆರಾಲ್ಡ್ ತನ್ನ ತಾಯಿಯನ್ನು ಹೊತ್ತೊಯ್ದ ಎರ್ಲೆಂಡನನ್ನು ಹಿಡಿಯಲು ಇದೇ ಗೋಪುರಕ್ಕೆ ಮುತ್ತಿಗೆ ಹಾಕುತ್ತಾನೆ. ಗೋಪುರ ಬಗ್ಗಲಿಲ್ಲ. ಕೊನೆಗೆ ಬಗ್ಗಿದವನು ಮಗನೇ, ತಾಯಿಯ ಮದುವೆಗೆ ಒಪ್ಪಿದ. ಹಾಗಾದರೆ ಕಟ್ಟಿದವರು ಯಾರು? ನಾರ್ವೆಯ ಒಂದು ಮಧ್ಯಯುಗದ ಲ್ಯಾಟಿನ್ ಚರಿತ್ರೆ ಅದ್ಭುತವಾದ ಉತ್ತರ ಕೊಡುತ್ತದೆ: ಪಿಕ್ಟರು ಕುಳ್ಳರು, ಬೆಳಗ್ಗೆ ಸಂಜೆ ಬೆರಗಾಗುವಂತೆ ಊರುಗಳನ್ನು ಕಟ್ಟುತ್ತಿದ್ದರು, ನಡುಮಧ್ಯಾಹ್ನ ಶಕ್ತಿ ಉಡುಗಿ ನೆಲದಡಿಯ ಮನೆಗಳಲ್ಲಿ ಅವಿತುಕೊಳ್ಳುತ್ತಿದ್ದರು! ಇಂಥ ಕತೆಗಳಿರುವಲ್ಲಿ, ಯಾರದೆಂದು ತಿಳಿಯದ ಕಲ್ಲೆಲ್ಲ ಪಿಕ್ಟರ ಪಾಲಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಕಟ್ಟಿದವರು ಯಾರೆಂಬ ಹತ್ತೊಂಬತ್ತನೆಯ ಶತಮಾನದ ಜಗಳದಲ್ಲಿ ನಮಗೆ ಗೊತ್ತಿರುವ ಹೆಸರೊಂದಿದೆ: ಜೇಮ್ಸ್ ಫರ್ಗುಸನ್. ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಬಗ್ಗೆ ಬರೆದವರು, ಹಳೇಬೀಡಿನ ದೇಗುಲವನ್ನು ಅಥೆನ್ಸಿನ ಪಾರ್ಥೆನಾನ್ ಜೊತೆಗಿಟ್ಟು ತೂಗಿದವರು. ಬ್ರಾಕ್‌ಗಳನ್ನು ಕಟ್ಟಿದ್ದು ವೈಕಿಂಗರೇ ಎಂದು 1877ರಲ್ಲಿ ಅವರು ವಾದಿಸಿದರು. ಎಡಿನ್‌ಬರೋ ಮ್ಯೂಸಿಯಮ್ಮಿನ ಜೋಸೆಫ್ ಆಂಡರ್ಸನ್ ಒಪ್ಪಲಿಲ್ಲ. ಅವರು ಸ್ವತಃ ಬ್ರಾಕ್ ಅಗೆದವರು. ನಾರ್ವೆಯಲ್ಲಿ ಇಂಥದ್ದೊಂದೂ ಇಲ್ಲ, ಒಳಗೆ ಸಿಕ್ಕ ಸಾಮಾನು ಸ್ಥಳೀಯರದ್ದು ಎಂಬುದು ಅವರ ಉತ್ತರ. ಗೆದ್ದದ್ದು ಆಂಡರ್ಸನ್. ಹಳೇಬೀಡಿನಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಕಣ್ಣು ಸ್ವಂತ ನಾಡಿನಲ್ಲಿ ಎಡವಿತಲ್ಲ ಎನಿಸುತ್ತದೆ.

ಹೊರಗಿನವರ ಕೈ ಹುಡುಕುವ ಚಾಳಿ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1960ರ ದಶಕದಲ್ಲಿ ಪುರಾತತ್ವಜ್ಞ ಯುವಾನ್ ಮ್ಯಾಕಿ ದಕ್ಷಿಣ ಇಂಗ್ಲೆಂಡಿನಿಂದ ವಲಸೆ ಬಂದವರತ್ತ ಬೆರಳು ತೋರಿದರು. ಅದನ್ನು ಅಲುಗಿಸಿದ ಪುರಾವೆಗಳಲ್ಲೊಂದು ಶೆಟ್‌ಲೆಂಡಿನ ಓಲ್ಡ್ ಸ್ಕ್ಯಾಟ್‌ನೆಸ್‌ನದು. 1975ರಲ್ಲಿ ವಿಮಾನ ನಿಲ್ದಾಣದ ರಸ್ತೆಗಾಗಿ ದಿಬ್ಬ ಕಡಿಯುವಾಗ ಗೋಡೆ ಹೊರಬಿತ್ತು. 1995ರಿಂದ ಅಗೆದು, ಕಾರ್ಬನ್ ಪರೀಕ್ಷೆ ಮಾಡಿದಾಗ ಬ್ರಾಕ್‌ನ ಕಾಲ ಕ್ರಿ.ಪೂ. 400–200 ಎಂದು ಬಂತು. ಆ ವಲಸೆಗಾರರು ಬಂದಿರಬಹುದೆಂದು ಊಹಿಸಿದ್ದಕ್ಕಿಂತ ಹಿಂದೆ. ಕಟ್ಟಿದವರು ಅಲ್ಲಿಯ ರೈತರೇ, ಬಾರ್ಲಿ ಬೆಳೆದು ದನ ಕುರಿ ಸಾಕಿದವರು.

ಪಿಕ್ಟರೂ ಅದೇ ಅಗೆತದಲ್ಲಿ ಸಿಕ್ಕರು, ಗೋಪುರದ ಸುತ್ತ. ಮೇಲ್ಭಾಗ ಕುಸಿದ ಎಷ್ಟೋ ತಲೆಮಾರುಗಳ ನಂತರ ಅದರ ಮಗ್ಗುಲಲ್ಲೇ ನೆಲ ತೋಡಿ ತಗ್ಗು ಮನೆಗಳನ್ನು ಮಾಡಿಕೊಂಡಿದ್ದರು. ಒಂದು ಚಪ್ಪಡಿಯ ಮೇಲೆ ಕರಡಿಯೊಂದನ್ನು ಕೆತ್ತಿ ಬಿಟ್ಟಿದ್ದಾರೆ.