ಒಬಾಮರ ತಂದೆ ಹತ್ತಿದ್ದು ಕೆನಡಿಯ ವಿಮಾನವನ್ನೇ?

“ಬರಾಕ್ ಒಬಾಮರ ತಂದೆ ಕೆನಡಿ ಕಳುಹಿಸಿದ ವಿಮಾನದಲ್ಲಿ ಅಮೆರಿಕಕ್ಕೆ ಓದಲು ಹೋದರಂತೆ, ಹೌದೇ?” ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಇಲ್ಲ, ಹೋಗಲಿಲ್ಲ.

ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಕೀನ್ಯದ ಕಾರ್ಮಿಕ ನಾಯಕ ಟಾಮ್ ಎಂಬೋಯ ಏರ್ಪಡಿಸಿದ ಮೊದಲ ಬಾಡಿಗೆ ವಿಮಾನ 81 ವಿದ್ಯಾರ್ಥಿಗಳನ್ನು ಹೊತ್ತು ನ್ಯೂಯಾರ್ಕಿಗೆ ಹೋದದ್ದು 1959ರ ಸೆಪ್ಟೆಂಬರಿನಲ್ಲಿ. ಅದಕ್ಕಾಗಿ ಅಮೆರಿಕದಲ್ಲಿ ಹಣ ಎತ್ತಲು ನಿಂತವರಲ್ಲಿ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್, ಗಾಯಕ ಹ್ಯಾರಿ ಬೆಲಫಾಂಟೆ, ನಟ ಸಿಡ್ನಿ ಪಾಟಿಯರ್ ಇದ್ದರು. ಆಗಿನ್ನೂ ಸೆನೆಟರ್ ಆಗಿದ್ದ ಕೆನಡಿಯನ್ನು ಎಂಬೋಯ ಕಂಡು ನೆರವು ಕೇಳಿದ್ದು 1960ರ ಜುಲೈಯಲ್ಲಿ. ಕೆನಡಿ ಕುಟುಂಬದ ಪ್ರತಿಷ್ಠಾನ 1,00,000 ಡಾಲರ್ ಕೊಡಲು ಒಪ್ಪಿದ್ದು ಆಮೇಲೆ. ಹಿರಿಯ ಒಬಾಮರಾದರೋ 1959ರಲ್ಲೇ ಹವಾಯಿ ವಿಶ್ವವಿದ್ಯಾಲಯ ಸೇರಿದ್ದರು, ಅದೂ ಆ ವಿಮಾನ ಹತ್ತದೆ. ಅವರಿಗೆ ಒತ್ತಾಸೆಯಾಗಿದ್ದವರು ನೈರೋಬಿಯಲ್ಲಿ ಸಾಕ್ಷರತೆಯ ಕೆಲಸದಲ್ಲಿದ್ದ ಅಮೆರಿಕನ್ ಮಹಿಳೆ. 2007ರಲ್ಲಿ ಅಮೆರಿಕದ ಸೆಲ್ಮಾ ಊರಿನಲ್ಲಿ ಮಾಡಿದ ಭಾಷಣದಲ್ಲಿ ಮಗನೇ ಈ ಕಥೆಯನ್ನು ಹೇಳಿ, ಬಳಿಕ ಅವರ ಪ್ರಚಾರ ತಂಡ ತಪ್ಪನ್ನು ಒಪ್ಪಿಕೊಂಡಿತು. ತಿದ್ದುಪಡಿಯನ್ನು ಮಾತ್ರ ಯಾರೂ ಓದುವುದಿಲ್ಲ.

ಈ ಕಥೆಯ ಗದ್ದಲದಲ್ಲಿ ಮರೆಯಾಗುವವರು ಮಕ್ಕಳ ಖರ್ಚಿಗೆಂದು ಚಹಾಕೂಟ ನಡೆಸಿ ಚಿಲ್ಲರೆ ಕೂಡಿಸಿದ ಹಳ್ಳಿಯವರು. 1960ರ ತಂಡದಲ್ಲಿ ಕಾನ್ಸಾಸಿಗೆ ಹೋದ ವಂಗಾರಿ ಮಾಥಾಯ್ ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು.

ಅಷ್ಟು ದೂರವೇಕೆ ಹೋಗಬೇಕಿತ್ತು ಎಂದು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಪದವಿ ಓದಬೇಕೆಂದರೆ ಪೂರ್ವ ಆಫ್ರಿಕದ ಬ್ರಿಟಿಷ್ ವಸಾಹತುಗಳಿಗೆಲ್ಲ ಇದ್ದದ್ದು ಉಗಾಂಡದ ಕಂಪಾಲದ ಮಕೆರೆರೆ ಕಾಲೇಜು ಒಂದೇ. 1949ರಿಂದ ಅಲ್ಲಿ ಓದಿದವರಿಗೆ ಸಿಗುತ್ತಿದ್ದದ್ದೂ ಲಂಡನ್ ವಿಶ್ವವಿದ್ಯಾಲಯದ ಪದವಿ. ಸೀಟುಗಳು ಕೆಲವೇ, ಆಕಾಂಕ್ಷಿಗಳು ಬಹಳ. ನೈರೋಬಿಯಲ್ಲಿ 1956ರಲ್ಲಿ ತೆರೆದ ರಾಯಲ್ ಟೆಕ್ನಿಕಲ್ ಕಾಲೇಜು ಪದವಿಯ ಮಟ್ಟಕ್ಕೇರಿ ಲಂಡನ್ನಿನ ಜೊತೆ ನಂಟು ಪಡೆದದ್ದು 1961ರಲ್ಲಿ. ಆ ಕಾಲೇಜಿನಲ್ಲಿ, ಗಾಂಧೀಜಿಯ ಸ್ಮಾರಕಕ್ಕೆಂದು ಪೂರ್ವ ಆಫ್ರಿಕದ ಭಾರತೀಯರು ಕೂಡಿಸಿದ ನಿಧಿಯೂ ಬೆರೆತಿದೆ. ಇಂದು ನೈರೋಬಿ ವಿಶ್ವವಿದ್ಯಾಲಯವಾಗಿರುವ ಅದರ ಆವರಣದಲ್ಲಿ ನಿಂತಿರುವ ಗಾಂಧಿ ಪ್ರತಿಮೆಯನ್ನು 1956ರಲ್ಲಿ ಅನಾವರಣ ಮಾಡಿದವರು, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್.