ಎಪ್ಪತ್ತರಲ್ಲಿ ಜಿಪ್‌ಲೈನ್: ಹಗ್ಗ ಜೋತಿದ್ದರೇ ಒಳ್ಳೇದು

ದಾಂಡೇಲಿ, ಗಣೇಶಗುಡಿ ಕಡೆಯ ರೆಸಾರ್ಟುಗಳಲ್ಲಿ ಜಿಪ್‌ಲೈನ್ (ಎತ್ತರದಲ್ಲಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಜೋತು ಜಾರುವ ಆಟ) ಸರದಿಗೆ ನಿಂತವರ ನಡುವೆ ಈಗ ಬಿಳಿತಲೆಗಳೂ ಕಾಣುತ್ತವೆ. ಮೊಮ್ಮಕ್ಕಳ ಒತ್ತಾಯಕ್ಕೆ ಬಂದವರು ಕೆಲವರು. ಮೊಮ್ಮಕ್ಕಳನ್ನು ನೆಪ ಮಾಡಿಕೊಂಡು ಬಂದವರೇ ಜಾಸ್ತಿ. ಹೆಲ್ಮೆಟ್ ಹಾಕಿಸಿಕೊಳ್ಳುತ್ತಾ ಇವರು ಗೈಡ್ ಹುಡುಗನಿಗೆ ಹಾಕುವ ಪ್ರಶ್ನೆ ಮಾತ್ರ ಒಂದೇ: "ತಮ್ಮಾ, ಹಗ್ಗ ಎಂತಕ್ಕೆ ಇಷ್ಟು ಜೋತು ಬಿದ್ದದೆ? ಸ್ವಲ್ಪ ಬಿಗಿ ಎಳೀಬಾರದಾ?"

ಎಳೀಬಾರದು. ಬಿಗಿ ಇದ್ದಷ್ಟೂ ಹಗ್ಗ ಭದ್ರ ಅನ್ನುವುದು ನಮ್ಮ ತಲೆಯಲ್ಲಿ ಕೂತ ತಪ್ಪು ಲೆಕ್ಕ.

ಹಗ್ಗಕ್ಕೆ ಗೊತ್ತಿರುವುದು ತನ್ನ ಉದ್ದಕ್ಕೆ ಎಳೆಯುವ ಕೆಲಸ ಒಂದೇ. ಅಡ್ಡಡ್ಡ ಚಾಚಿದ ಹಗ್ಗ ಅಡ್ಡಡ್ಡವೇ ಎಳೆಯುತ್ತದೆ. ನಿಮ್ಮನ್ನು ಮೇಲಕ್ಕೆ ಎತ್ತಿ ಹಿಡಿಯುವ ಬಲ ಅದರಲ್ಲಿ ಹುಟ್ಟಬೇಕಾದರೆ ಅದು ಜೋಲಲೇಬೇಕು. ಹೆಚ್ಚು ಜೋತರೆ ಕಡಿಮೆ ಎಳೆತ ಸಾಕು. ಕಡಿಮೆ ಜೋತರೆ ಎಳೆತ ಸಿಕ್ಕಾಪಟ್ಟೆ ಏರುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ಗೋಪುರಗಳ ನಡುವೆ 200 ಮೀಟರ್ ಅಂತರ, ನಡುವೆ 70 ಕೆಜಿಯ ಒಬ್ಬ ನಿವೃತ್ತ ಮೇಷ್ಟ್ರು. ಹಗ್ಗ 10 ಮೀಟರ್ ಜೋತರೆ ಅವರಿಂದಾಗಿ ಅದರ ಮೇಲೆ ಬೀಳುವ ಎಳೆತ ಸುಮಾರು 350 ಕೆಜಿ. ಬಿಗಿ ಮಾಡಿ ಜೋಲನ್ನು 2 ಮೀಟರಿಗೆ ಇಳಿಸಿ: ಅದೇ ಮೇಷ್ಟ್ರು, ಎಳೆತ 1,750 ಕೆಜಿ! ಜೋಲು ಸೊನ್ನೆಯಾಗಬೇಕಾದರೆ ಎಳೆತಕ್ಕೆ ಕೊನೆಯೇ ಇರುವುದಿಲ್ಲ. ಅಂದರೆ ಭಾರ ಹೊತ್ತ ಹಗ್ಗವನ್ನು ನೆಟ್ಟಗೆ ನಿಲ್ಲಿಸಲು ಲೋಕದ ಯಾವ ಯಂತ್ರಕ್ಕೂ ಆಗದು. 12 ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕಿನ ಹಗ್ಗ ಹರಿಯಲು ಸುಮಾರು 8 ಟನ್ ಬೇಕು. 10 ಮೀಟರ್ ಜೋತಾಗ ಹಗ್ಗದ ಸ್ವಂತ ತೂಕ ಸೇರಿಸಿದರೂ ಎಳೆತ ಒಂದು ಟನ್ ದಾಟುವುದಿಲ್ಲ. ಆ ಜೋಲು ಕಟ್ಟಿದವರ ಸೋಮಾರಿತನ ಅಲ್ಲ, ಲೆಕ್ಕ.

ಶಿರಸಿ ಸೀಮೆಯ ತೋಟದವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಅಡಿಕೆ ಕೊಯ್ಲಿನಲ್ಲಿ ಮರ ಹತ್ತಿ ಕೊಯ್ಯುವ ಕೊನೆಗೌಡ ಮರದ ತುದಿಯಿಂದ ಕೊನೆಯನ್ನು, ಅಂದರೆ ಅಡಿಕೆ ಗೊಂಚಲನ್ನು, ಹಗ್ಗದ ಮೇಲೆ ಜಾರಿಸಿ ಬಿಡುತ್ತಾನೆ. ಕೆಳಗಿನವನು ದೂರ ನಿಂತು ಹಗ್ಗವನ್ನು ಓರೆಯಾಗಿ ಹಿಡಿದಿರುತ್ತಾನೆ. ಅಡಿಕೆ ಉದುರದ ಹಾಗೆ ಕೊನೆ ಸರ್ರನೆ ಬಂದು ಅವನ ಕೈ ಸೇರುತ್ತದೆ. ಹಗ್ಗ ಅತಿ ಬಿಗಿ ಹಿಡಿದರೆ ಒಂದೊಂದು ಕೊನೆಗೂ ಭುಜ ಜಗ್ಗುತ್ತದೆ. ನಮ್ಮಲ್ಲಿ ಜಿಪ್‌ಲೈನ್ ತಲೆತಲಾಂತರದಿಂದ ಇದೆ, ಟಿಕೆಟ್ ಇರಲಿಲ್ಲ ಅಷ್ಟೇ.

ಇನ್ನು ನನಗೆ ಭಾರೀ ಇಷ್ಟವಾದ ಭಾಗ. ಖಾಲಿ ಹಗ್ಗ ಯಾವ ಆಕಾರದಲ್ಲಿ ಜೋಲುತ್ತದೆ? ಗೆಲಿಲಿಯೋ 1638ರಲ್ಲಿ ಅದು ಹೆಚ್ಚುಕಡಿಮೆ ಪರವಲಯ, ಎಸೆದ ಕಲ್ಲು ಹಿಡಿಯುವ ದಾರಿಯಂಥದು ಎಂದು ಬರೆದ. ಹಾಗಲ್ಲ ಎಂದು 1646ರಲ್ಲಿ ತೋರಿಸಿದವನು ಡಚ್ ವಿಜ್ಞಾನಿ ಹ್ಯೂಗೆನ್ಸ್. ಆಗ ಅವನಿಗೆ 17 ವರ್ಷ. ಸರಿಯಾದ ಉತ್ತರ ಕ್ಯಾಟಿನರಿ ಎಂಬ ಬೇರೆಯೇ ವಕ್ರರೇಖೆ, ಅದಕ್ಕೆ 1691ರವರೆಗೆ ಕಾಯಬೇಕಾಯಿತು. ಹ್ಯೂಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಮೂವರೂ ಆ ವರ್ಷ ಅದನ್ನು ಕಂಡುಕೊಂಡರು. ಉಕ್ಕಿನ ಹಗ್ಗದ ಕಥೆ ಇನ್ನೂ ಈಚಿನದು. ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಲ್ಲಿ ಸರಪಳಿಗಳು ತುಂಡಾಗುತ್ತಿದ್ದುದನ್ನು ನೋಡಿ, 1834ರಲ್ಲಿ ವಿಲ್‌ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದ. ಸರಪಳಿಯ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ಹೊಸೆದ ಹಗ್ಗದಲ್ಲಿ ಒಂದು ತಂತಿ ಹರಿದರೆ ಉಳಿದವು ಭಾರ ಹಂಚಿಕೊಳ್ಳುತ್ತವೆ.

ಅದಿರಲಿ. ನೀವು ರಾಟೆಗೆ ಜೋತು ಹೊರಟ ಮೇಲೆ ಆಕಾರ ಬದಲಾಗುತ್ತದೆ. ಹಗ್ಗದ ಒಟ್ಟು ಉದ್ದ ಅಷ್ಟೇ ಇರುತ್ತದೆ. ಆದ್ದರಿಂದ ನಿಮ್ಮಿಂದ ಎರಡೂ ತುದಿಗಳಿಗೆ ಇರುವ ದೂರವನ್ನು ಕೂಡಿಸಿದರೆ ಉತ್ತರ ಯಾವಾಗಲೂ ಒಂದೇ. ಶಾಲೆಯಲ್ಲಿ ಎರಡು ಗುಂಡುಸೂಜಿ, ಒಂದು ದಾರ ಇಟ್ಟುಕೊಂಡು ದೀರ್ಘವೃತ್ತ ಬಿಡಿಸಿದ್ದು ನೆನಪಿದೆ ಅಲ್ವಾ? ಇದೂ ಅದೇ. ಹಗ್ಗದ ಸ್ವಂತ ತೂಕ, ಹಿಗ್ಗುವಿಕೆ ಬದಿಗಿಟ್ಟರೆ ನೀವು ಜಾರುವ ದಾರಿ ದೀರ್ಘವೃತ್ತದ ಒಂದು ತುಣುಕು. ಮಂಗಳ ಗ್ರಹ ಸೂರ್ಯನನ್ನು ಸುತ್ತುವ ದಾರಿಯೂ ದೀರ್ಘವೃತ್ತವೇ ಎಂದು ಕೆಪ್ಲರ್ 1609ರಲ್ಲಿ ಹೇಳಿದ. ಎಪ್ಪತ್ತರ ಭೀಮರಥ ಶಾಂತಿ ಆದ ಮೇಲೂ "ಗ್ರಹಗತಿ ಸರಿ ಇಲ್ಲ, ಎತ್ತರ ಹತ್ತಬೇಡಿ" ಎನ್ನುವವರ ಮಾತು ಕೇಳಿ ಮನೆಯಲ್ಲಿ ಕೂತವರನ್ನು ಕಂಡರೆ ನನಗೆ ರೇಗುತ್ತದೆ. ಗ್ರಹದ ಗತಿಯಲ್ಲೇ ಒಂದು ಸುತ್ತು ಹೋಗಿ ಬರಬಹುದಲ್ಲ ಮಾರಾಯ್ರೆ!

ಈ ವಕ್ರದಾರಿಯಿಂದ ಇನ್ನೊಂದು ಲಾಭ ಇದೆ. ತಳ ದಾಟಿದ ಮೇಲೆ ದಾರಿ ತುಸು ಏರುತ್ತದೆ, ವೇಗ ತಾನಾಗಿ ಇಳಿಯುತ್ತದೆ. 10 ಮೀಟರ್ ಇಳಿದರೆ ಗಂಟೆಗೆ 50 ಕಿಲೋಮೀಟರ್ ವೇಗ ಬರಬೇಕು. ಗಾಳಿ ಮತ್ತು ರಾಟೆಯ ತಿಕ್ಕಾಟದಿಂದ ಅಷ್ಟು ಬರುವುದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ತೂಕ ಬರುವುದೇ ಇಲ್ಲ. ಆದರೂ ದಪ್ಪ ಇದ್ದವರು ಬೇಗ ತಲುಪುತ್ತಾರೆ. ಗಾಳಿ ಎಲ್ಲರನ್ನೂ ಹೆಚ್ಚುಕಡಿಮೆ ಒಂದೇ ಬಲದಿಂದ ತಡೆಯುತ್ತದೆ, ತೂಕದವರು ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಸಣಕಲು ಅಜ್ಜಿಯರು ಎದುರುಗಾಳಿಗೆ ದಡದ ಹತ್ತಿರ ಬಂದು ನಿಂತು, ಹಿಂದಕ್ಕೆ ಜಾರಿ ತಳದಲ್ಲಿ ಉಳಿಯುವುದುಂಟು. ಕಾರವಾರದಂಥ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಬೆಳಗ್ಗೆಯೇ ಹೋಗುವುದು ವಾಸಿ.

ಹಾಗಾದರೆ ವಯಸ್ಸಾದವರು ಯಾವುದಕ್ಕೆ ಹೆದರಬೇಕು? ಹಾರಾಟಕ್ಕಿಂತ ಮೊದಲು ಮೆಟ್ಟಿಲಿಗೆ. ಗೋಪುರ ಹತ್ತುವಾಗ ಹೃದಯಕ್ಕೆ ನಿಜವಾದ ಕೆಲಸ. ಏದುಸಿರು ಬಿಡುತ್ತಾ ತುದಿ ಮುಟ್ಟಿ, ಕೆಳಗೆ ನೋಡಿ, ಭಯದ ಅಡ್ರಿನಲಿನ್ ಅದರ ಮೇಲೆ ಸೇರಿದರೆ ಬಿಪಿ ಏರುತ್ತದೆ. ಮೇಲೆ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಿ. ಹಿಂದಿನವರು ಗೊಣಗಲಿ ಬಿಡಿ. ಆಮೇಲೆ ಇಳಿಯುವ ಗಳಿಗೆ. ಮೂಳೆ ಸವೆದವರಿಗೆ ಕೊನೆಯ ಜರ್ಕು ಬೆನ್ನುಮೂಳೆಗೆ ಬಡಿಯಬಹುದು. ಬ್ರೇಕ್ ಗೈಡ್ ಹಾಕುತ್ತಾನೋ, ನಾವೇ ಕೈಗವಸಿನಿಂದ ಹಗ್ಗ ಒತ್ತಬೇಕೋ ಅಂತ ಮೊದಲೇ ಕೇಳಿ. ಎರಡನೆಯದಾದರೆ ಭುಜ, ಮಣಿಕಟ್ಟು ನೋವಿನವರು ಬಿಟ್ಟುಬಿಡುವುದು ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಈಚೆಗೆ ಕಣ್ಣು, ಹರ್ನಿಯಾ ಅಥವಾ ಹೃದಯದ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಹೊರಡಬಾರದು. ಗೋಪುರಕ್ಕೆ ಕಟ್ಟಿದ ನಿಂಬೆಹಣ್ಣಿಗೆ ಬಿಪಿ ನೋಡಲು ಬರುವುದಿಲ್ಲ. ಹಲ್ಲಿನ ಸೆಟ್ ಸಡಿಲ ಇದ್ದರೆ ತೆಗೆದು ಜೇಬಿಗೆ ಹಾಕಿ, ಕೂಗುವ ಖುಷಿಯಲ್ಲಿ ಅದು ಕಾಳಿ ನದಿ ಪಾಲಾದೀತು.

ನಡುವೆ ನಿಂತೇಹೋದರೆ ಗಾಬರಿ ಬೇಡ, ಗೈಡ್ ಬಂದು ಎಳೆದುಕೊಂಡು ಹೋಗುತ್ತಾನೆ. ಅಲ್ಲಿಯ ತನಕ ಸುಮ್ನೆ ಜೋತಿರಬೇಡಿ. ಮೈಗೆ ಬಿಗಿದ ಹಾರ್ನೆಸ್ಸಿನ ಪಟ್ಟಿ ತೊಡೆ ಒತ್ತಿದಾಗ ಕಾಲಿಗಿಳಿದ ರಕ್ತ ಮೇಲೇರುವುದು ನಿಧಾನವಾಗಿ ತಲೆಸುತ್ತು ಬರುತ್ತದೆ. ವಯಸ್ಸಾದವರಲ್ಲಿ ಇನ್ನೂ ಬೇಗ. ಸೈಕಲ್ ತುಳಿದ ಹಾಗೆ ಕಾಲು ಆಡಿಸುತ್ತಿರಿ. ಕೆಳಗಿನಿಂದ ವಿಡಿಯೋ ಮಾಡುವ ಮೊಮ್ಮಕ್ಕಳು ನಗುತ್ತಾರೆ, ಅದಕ್ಕೇನೂ ಮಾಡಲಾಗುವುದಿಲ್ಲ.